ಮುಳುಗಿದರೆ ಹಾಡು ನಿಲ್ಲುವುದೇಕೆ?

ಹಲಸೂರಿನ ಕೆನ್ಸಿಂಗ್ಟನ್ ಈಜುಕೊಳಕ್ಕೆ ಹೋಗುವ ಓದುಗರೊಬ್ಬರ ತಕರಾರು: ‘ಐಪಿಎಕ್ಸ್7 ಅಂತ ನೋಡಿಯೇ ಇಯರ್‌ಬಡ್ಸ್ ತಗೊಂಡೆ. ತಲೆ ಮುಳುಗಿಸಿದ ಕೂಡಲೇ ಹಾಡು ಬಂದ್, ಮೇಲೆದ್ದರೆ ಮತ್ತೆ ಶುರು. ಅಂಗಡಿಯವನು ಟೋಪಿ ಹಾಕಿದನೇ?’

ಇಲ್ಲ. ನೀರು ಇಯರ್‌ಬಡ್ಸ್ ಒಳಗೆ ಹೋಗಿಲ್ಲ; ಫೋನಿನಿಂದ ಬರುವ ಅಲೆಯನ್ನು ಹೊರಗೇ ನುಂಗಿ ಹಾಕಿದೆ.

ಬ್ಲೂಟೂತ್ ನಡೆಯುವುದು 2.4 ಗಿಗಾಹರ್ಟ್ಸ್ ಆಸುಪಾಸಿನ ರೇಡಿಯೊ ಅಲೆಗಳ ಮೇಲೆ. ಅಡುಗೆಮನೆಯ ಮೈಕ್ರೋವೇವ್ ಓವನ್‌ನದೂ ಹೆಚ್ಚುಕಡಿಮೆ ಅದೇ, 2.45. ನೀರಿನ ಅಣುವಿಗೆ ಒಂದು ಕಡೆ ಧನ, ಇನ್ನೊಂದು ಕಡೆ ಋಣ ವಿದ್ಯುದಂಶ. ಅಲೆ ಸೆಕೆಂಡಿಗೆ 240 ಕೋಟಿ ಸಲ ಹೊಯ್ದಾಡಿದರೆ ಅಣುವೂ ಅದರ ಜತೆ ಹೊರಳಲು ಹೆಣಗುತ್ತದೆ. ಆ ಹೆಣಗಾಟದಲ್ಲಿ ಅಲೆಯ ಶಕ್ತಿ ಶಾಖವಾಗಿ ಕರಗುತ್ತದೆ. ಓವನ್ನಿನಲ್ಲಿ ಸಾರು ಕುದಿಯುವುದಕ್ಕೂ ಕೊಳದಲ್ಲಿ ಹಾಡು ನಿಲ್ಲುವುದಕ್ಕೂ ಕಾರಣ ಒಂದೇ! ಕೆಲವೇ ಸೆಂಟಿಮೀಟರ್ ನೀರು ದಾಟುವಷ್ಟರಲ್ಲಿ ಬ್ಲೂಟೂತ್ ಸೊರಗುತ್ತದೆ. ಹಾಗಂತ ಕಿವಿ ಬೆಂದೀತೆಂದು ಹೆದರಬೇಕಿಲ್ಲ: ಓವನ್‌ನದು ನೂರಾರು ವಾಟ್, ಇಯರ್‌ಬಡ್‌ನದು ಮಿಲಿವಾಟ್ ಲೆಕ್ಕ.

ಜಲಾಂತರ್ಗಾಮಿಗಳದೂ ಇದೇ ಪಾಡು. ಅವಕ್ಕೆ ಸಂದೇಶ ಮುಟ್ಟಿಸಲು ನಮ್ಮ ನೌಕಾಪಡೆ ತಿರುನೆಲ್ವೇಲಿ ಬಳಿಯ ಐಎನ್‌ಎಸ್ ಕಟ್ಟಬೊಮ್ಮನ್‌ನಿಂದ ಅತಿ ಕಡಿಮೆ ಆವರ್ತನದ ಅಲೆಗಳನ್ನು ಕಳಿಸುತ್ತದೆ. ಅವು ನೀರಿನೊಳಗೆ ಒಂದಿಷ್ಟು ಆಳ ಇಳಿಯುತ್ತವೆ, ಆದರೆ ಹಾಡು ಹೊರುವಷ್ಟು ತ್ರಾಣ ಅವಕ್ಕಿಲ್ಲ.

ಹಾಗಾಗಿ ಈಜುವವರು ಕೇಳಬೇಕಾದ ಮೊದಲ ಪ್ರಶ್ನೆ ‘ಒಳಗೆ ಮೆಮೊರಿ ಇದೆಯೇ?’ ಷಾಕ್ಸ್ ಕಂಪನಿಯ ಮೊದಲ ಓಪನ್‌ಸ್ವಿಮ್ ಹೆಡ್‌ಫೋನ್‌ನಲ್ಲಿ ಬ್ಲೂಟೂತ್ ಇರಲೇ ಇಲ್ಲ. 4 ಜಿಬಿ ಜಾಗಕ್ಕೆ ಹಾಡು ತುಂಬಿಕೊಂಡು ಈಜಿದರಾಯಿತು. ಅದು ಕಿವಿತೂತಿಗೆ ತುರುಕುವ ಸಾಧನವೂ ಅಲ್ಲ, ಕೆನ್ನೆಯ ಮೂಳೆಯನ್ನು ಕಂಪಿಸಿ ಒಳಗಿವಿಗೆ ಸದ್ದು ಮುಟ್ಟಿಸುತ್ತದೆ.

ಇನ್ನು ಐಪಿಎಕ್ಸ್7: ಒಂದು ಮೀಟರ್ ಆಳದ ನಿಂತ ಸಿಹಿನೀರಿನಲ್ಲಿ 30 ನಿಮಿಷ ಇಟ್ಟರೂ ಕೆಡಲಿಲ್ಲ, ಅಷ್ಟೇ ಅದರ ಅರ್ಥ. ಕ್ಲೋರಿನ್, ಸೋಪು, ಬೆವರು ಆ ಪರೀಕ್ಷೆಯಲ್ಲಿಲ್ಲ. ರಭಸದ ನೀರಿನದು ಬೇರೆಯೇ ಪರೀಕ್ಷೆ; 7 ಇದ್ದರೆ 5 ಕೂಡ ಪಾಸಾದಂತೆ ಎಂದುಕೊಳ್ಳಬೇಡಿ. ಕೆ.ಆರ್. ಪುರದ ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲಿ ಬಸ್ಸಿಗೆ ಕಾಯುವಾಗ ಬೀಳುವ ತುಂತುರಿಗೆ ಐಪಿಎಕ್ಸ್4 ಸಾಕು. ಎಲ್ಲ ದಿಕ್ಕಿನಿಂದ ಸಿಡಿಯುವ ಹನಿಗಳನ್ನು ಅದು ತಡೆಯುತ್ತದೆ.

ನೆನೆದದ್ದನ್ನು ಅಕ್ಕಿ ಡಬ್ಬಿಯಲ್ಲಿ ಹೂಳುವ ‘ಮನೆಮದ್ದು’ ಮಾತ್ರ ದಯವಿಟ್ಟು ಬೇಡ. ಒದ್ದೆ ಐಫೋನನ್ನು ಅಕ್ಕಿಯಲ್ಲಿಡಬೇಡಿ, ಅದರ ಕಣಗಳು ಹಾಳುಗೆಡವಬಹುದು ಎಂದು ಆಪಲ್ ಕೂಡ ಹೇಳಿದೆ. ಇಯರ್‌ಬಡ್‌ನ ಸಣ್ಣ ಜಾಲರಿಗೂ ಈ ಮಾತು ಸಲ್ಲುತ್ತದೆ. ಕೊಳದಿಂದ ಬಂದ ಮೇಲೆ ಸಿಹಿನೀರಲ್ಲಿ ತೊಳೆದು, ಬಟ್ಟೆಯಿಂದ ಒರೆಸಿ, ಗಾಳಿಗೆ ಒಣಗಲು ಬಿಡಿ. ಒದ್ದೆಯಿರುವಾಗಲೇ ಚಾರ್ಜಿಂಗ್ ಕೇಸಿಗೆ ಹಾಕಿದರೆ ಒಳಗಿನ ಪುಟ್ಟ ಪಿನ್ನುಗಳ ಮೇಲೆ ಹಸಿರು ಕಿಲುಬು ಕೂರುತ್ತದೆ. ಐಪಿಎಕ್ಸ್7 ಎಂದು ಡಬ್ಬದ ಮೇಲೆ ಬರೆದಿರುವುದು ಸಾಮಾನ್ಯವಾಗಿ ಇಯರ್‌ಬಡ್‌ಗೆ ಮಾತ್ರ. ಕೇಸಿಗೂ ಅದು ಉಂಟೋ ಇಲ್ಲವೋ, ಕೊಳ್ಳುವಾಗಲೇ ಕೇಳಿ.