ಬಾಟ್ ಜೋಡಣೆಯ ಕೈಪಿಡಿಗಳಲ್ಲಿ ಬಿಟ್ಟುಹೋಗುವ ಮಾತುಗಳು

ಸಂದೇಶ ಆ್ಯಪ್ ಆದ ಟೆಲಿಗ್ರಾಂ 2015ರ ಜೂನ್ ತಿಂಗಳಲ್ಲಿ ಬಾಟ್‌ಗಳಿಗೆ, ಅಂದರೆ ಮನುಷ್ಯರ ಬದಲು ಒಂದು ಪ್ರೋಗ್ರಾಂ ನಡೆಸುವ ಖಾತೆಗಳಿಗೆ, ಅವಕಾಶ ಕಲ್ಪಿಸಿತು. ಅವುಗಳನ್ನು ಜೋಡಿಸುವ ಬಗೆಯನ್ನು ವಿವರಿಸುವ ಕೈಪಿಡಿಗಳಿಗೆ ಕೊರತೆಯಿಲ್ಲವಾದರೂ, ಅವುಗಳಲ್ಲಿ ಬಹಳಷ್ಟು ಏನು ಮಾಡಬೇಕೆಂದು ತಿಳಿಸುತ್ತವೆಯೇ ಹೊರತು, ಮಾಡಿದ ಮೇಲೆ ಏನು ಕಾಣಿಸಬೇಕು, ಕಾಣಿಸದಿದ್ದರೆ ತಪ್ಪನ್ನು ಎಲ್ಲಿ ಹುಡುಕಬೇಕು ಎಂಬುದನ್ನು ತಿಳಿಸುವುದಿಲ್ಲ.

ಮೊದಲ ಹೆಜ್ಜೆ ಸುಲಭ. ಟೆಲಿಗ್ರಾಂನದೇ ಆದ ‘ಬಾಟ್‌ಫಾದರ್’ಗೆ ಹೊಸ ಬಾಟ್ ಬೇಕೆಂಬ ಕಮಾಂಡ್ ಕಳುಹಿಸಿ, ಅದು ಕೇಳುವ ಎರಡು ಹೆಸರುಗಳನ್ನು ಕೊಟ್ಟರೆ ಟೋಕನ್ ದೊರೆಯುತ್ತದೆ. ಒಂದು ಸಂಖ್ಯೆ, ಕೋಲನ್ ಚಿಹ್ನೆ ಮತ್ತು ಉದ್ದನೆಯ ಅಕ್ಷರಸರಣಿ ಸೇರಿದ ಈ ಸಂಕೇತ ಬೀಗದ ಕೈಯಿದ್ದಂತೆ. ಅದು ಯಾರ ಕೈಸೇರಿದರೂ ಬಾಟ್ ಅವರ ವಶವಾಗುತ್ತದೆ. ಆದ್ದರಿಂದ ಟೋಕನ್ ಬಹಿರಂಗವಾದರೆ ಬಾಟ್‌ಫಾದರ್‌ನಲ್ಲಿಯೇ ಅದನ್ನು ರದ್ದುಪಡಿಸಿ ಹೊಸದನ್ನು ಪಡೆಯಬಹುದೆಂಬ ಮಾತು ಇದೇ ಹೆಜ್ಜೆಯಲ್ಲಿ ಬರಬೇಕು. ‘ಗೆಟ್‌ಮಿ’ ಎಂಬ ಕೋರಿಕೆಯನ್ನು ಟೋಕನ್‌ನೊಡನೆ ಕಳುಹಿಸಿದಾಗ ಬಾಟ್‌ನ ಹೆಸರು ಮರಳಿ ಬಂದರೆ ಟೋಕನ್ ಸರಿಯಿದೆಯೆಂದು ಅರ್ಥ. ಇಷ್ಟು ಸಣ್ಣ ಪರೀಕ್ಷೆಯನ್ನು ಕೈಪಿಡಿಗಳು ಬಿಟ್ಟುಬಿಡುವುದು ವಿಷಾದಕರ.

ಸಂದೇಶಗಳು ಪ್ರೋಗ್ರಾಂಗೆ ತಲುಪಲು ಎರಡು ದಾರಿಗಳಿವೆ: ಪ್ರೋಗ್ರಾಂ ತಾನೇ ಆಗಾಗ ಸರ್ವರನ್ನು ಕೇಳಿ ಪಡೆಯುವುದು ಒಂದು, ಸರ್ವರೇ ನಿಗದಿತ ವಿಳಾಸಕ್ಕೆ ತಲುಪಿಸುವ ‘ವೆಬ್‌ಹುಕ್’ ಇನ್ನೊಂದು. ಇವೆರಡೂ ಒಟ್ಟಿಗೆ ನಡೆಯವು. ಹಿಂದೆ ಯಾವಾಗಲೋ ಇಟ್ಟು ಮರೆತ ವೆಬ್‌ಹುಕ್ ಇದ್ದರೆ ಮೊದಲ ದಾರಿ ಮುಚ್ಚಿಯೇ ಇರುತ್ತದೆ, ಪಡೆಯದ ಸಂದೇಶಗಳೂ 24 ಗಂಟೆಗಳಿಗಿಂತ ಹೆಚ್ಚು ಕಾಲ ಉಳಿಯುವುದಿಲ್ಲ.

ಬಾಟ್ ತಾನಾಗಿ ಯಾರೊಡನೆಯೂ ಮಾತು ಆರಂಭಿಸಲಾರದು, ಬಳಕೆದಾರರೇ ಮೊದಲು ‘ಸ್ಟಾರ್ಟ್’ ಒತ್ತಬೇಕು ಎಂಬುದನ್ನು ಒಂದು ವಾಕ್ಯದಲ್ಲಿ ಹೇಳಿದರೆ ಸಾಕು. ಗುಂಪಿನಲ್ಲಿ ಬಾಟ್ ತಾಳುವ ಮೌನಕ್ಕೆ ಮಾತ್ರ ದೀರ್ಘ ವಿವರಣೆ ಬೇಕು. ಒಬ್ಬರೊಡನೆ ಸರಿಯಾಗಿ ಉತ್ತರಿಸುತ್ತಿದ್ದ ಬಾಟ್ ಗುಂಪಿಗೆ ಸೇರಿದೊಡನೆ ಮೂಕವಾದಾಗ, ಯಾವ ದೋಷಸೂಚನೆಯೂ ಕಾಣಿಸದ ಕಾರಣ, ಹೊಸಬರು ಟೋಕನ್ ಬದಲಿಸಿ, ಪ್ರೋಗ್ರಾಂ ತಿದ್ದಿ, ಸರ್ವರ್ ಮತ್ತೆ ಆರಂಭಿಸಿ ದಣಿಯುತ್ತಾರೆ. ನಿಜವಾದ ಕಾರಣ ‘ಪ್ರೈವೆಸಿ ಮೋಡ್’ ಎಂಬ ಸೆಟ್ಟಿಂಗ್. ಅದು ಆರಂಭದಿಂದಲೇ ಜಾರಿಯಲ್ಲಿರುವುದರಿಂದ, ತನಗೆ ಕೊಟ್ಟ ಕಮಾಂಡ್‌ಗಳು, ತನ್ನ ಸಂದೇಶಕ್ಕೆ ಬಂದ ಉತ್ತರಗಳಂಥ ಕೆಲವನ್ನು ಬಿಟ್ಟು ಗುಂಪಿನ ಉಳಿದ ಮಾತುಕತೆ ಬಾಟ್‌ಗೆ ತಲುಪುವುದೇ ಇಲ್ಲ. ಈ ಏರ್ಪಾಡು ಸದಸ್ಯರ ರಕ್ಷಣೆಗಾಗಿ ಇರುವುದರಿಂದ, ಅದನ್ನು ತೆಗೆಯುವ ಬಗೆಯನ್ನು ಹೇಳುವ ಮೊದಲು, ಬಾಟ್‌ಗೆ ಎಲ್ಲರ ಮಾತೂ ನಿಜಕ್ಕೂ ಬೇಕೇ ಎಂದು ಕೈಪಿಡಿ ಕೇಳುವುದು ನ್ಯಾಯ. ಬೇಕೆಂದಾದರೆ ಬಾಟ್‌ಫಾದರ್‌ನಲ್ಲಿ ಅದನ್ನು ನಿಲ್ಲಿಸಿದ ನಂತರ ಬಾಟನ್ನು ಗುಂಪಿನಿಂದ ತೆಗೆದು ಮತ್ತೆ ಸೇರಿಸಬೇಕು. ಈ ಕೊನೆಯ ಮಾತು ಇಲ್ಲದ ಕೈಪಿಡಿಯನ್ನು ಅಕ್ಷರಶಃ ಅನುಸರಿಸಿದರೂ ಗುಂಪಿನಲ್ಲಿ ಬಾಟ್ ಮೂಕವಾಗಿಯೇ ಉಳಿಯುತ್ತದೆ.