ಮೈ ಬೆಳೆದಾಗ ಬಟ್ಟೆಯ ಗತಿ

ಕತೆಗಳಲ್ಲಿ ಮನುಷ್ಯರು ಕಣ್ಣೆದುರೇ ಬೆಳೆದುಬಿಡುತ್ತಾರೆ. ಕುಳ್ಳ ವಟುವೊಬ್ಬ ಮುಗಿಲು ಮುಟ್ಟುತ್ತಾನೆ. ಪುಟ್ಟ ಹುಡುಗಿಯ ತಲೆ ಸೂರಿಗೆ ಬಡಿಯುತ್ತದೆ. ಬಡಕಲು ವಿಜ್ಞಾನಿ ಅರೆಕ್ಷಣದಲ್ಲಿ ದೈತ್ಯನಾಗುತ್ತಾನೆ. ಕೇಳುವ ಮಕ್ಕಳು ಇದನ್ನೆಲ್ಲ ತಕರಾರಿಲ್ಲದೆ ಒಪ್ಪಿಕೊಂಡರೂ ಒಂದು ಪ್ರಶ್ನೆಯನ್ನು ಮಾತ್ರ ಕೇಳದೆ ಬಿಡುವುದಿಲ್ಲ: ಅವನು ಹಾಕಿಕೊಂಡಿದ್ದ ಬಟ್ಟೆ ಏನಾಯಿತು?

ನಗು ತರಿಸುವ ಈ ಪ್ರಶ್ನೆ ಕತೆ ಕಟ್ಟುವವರಿಗೆ, ಚಿತ್ರ ಬರೆಯುವವರಿಗೆ, ಸಿನಿಮಾ ತೆಗೆಯುವವರಿಗೆ ನಿಜವಾದ ತೊಡಕು. ಇದಕ್ಕೆ ಉತ್ತರಗಳು ಮೂರೇ. ಬಟ್ಟೆಯೂ ಮೈಯೊಡನೆ ಬೆಳೆಯಬೇಕು, ಇಲ್ಲವೇ ಹರಿಯಬೇಕು, ಅದೂ ಇಲ್ಲವೆಂದರೆ ಹಳೆಯ ಉಡುಗೆ ಮರೆಯಾಗಿ ಹೊಸದು ಬರಬೇಕು. ಈ ಮೂರರಲ್ಲಿ ಯಾವುದನ್ನು ಆರಿಸಿಕೊಂಡರು ಎಂಬುದರ ಮೇಲೆ ಆ ಬೆಳವಣಿಗೆ ಕನಸೋ, ಸಂಕಟವೋ, ಮಹಿಮೆಯೋ ಎಂಬುದು ತೀರ್ಮಾನವಾಗುತ್ತದೆ.

ಸಂಜೆಯನ್ನೇ ಉಟ್ಟವನು

ನಮಗೆ ಚಿರಪರಿಚಿತವಾದ ಉದಾಹರಣೆ ವಾಮನನದು. ಭಾಗವತದ ಎಂಟನೆಯ ಸ್ಕಂಧದಲ್ಲಿ ಈ ವಟುವಿನ ಉಪನಯನದ ವಿವರವಿದೆ. ಅವನ ಮೈಮೇಲಿನ ಒಂದೊಂದು ವಸ್ತುವನ್ನೂ ಒಬ್ಬೊಬ್ಬರು ಕೊಟ್ಟಿದ್ದಾರೆ. ಜನಿವಾರ ಬೃಹಸ್ಪತಿಯದು, ಮೇಖಲೆ ಕಶ್ಯಪನದು, ಕೃಷ್ಣಾಜಿನ ಭೂದೇವಿಯದು, ದಂಡ ಸೋಮನದು, ಕಮಂಡಲು ಬ್ರಹ್ಮನದು. ಕೌಪೀನ ಕೊಟ್ಟವಳು ತಾಯಿ ಅದಿತಿ. ಅಂದರೆ ಬಲಿಯ ಯಜ್ಞಶಾಲೆಗೆ ಬಂದ ಹುಡುಗನ ಮೈಮೇಲೆ ಇದ್ದದ್ದೆಲ್ಲವೂ ದಾನವಾಗಿ ಬಂದದ್ದೇ. ಬೇಡಲು ಹೊರಟವನಿಗೆ ತಕ್ಕ ವೇಷ.

ಬಲಿ ಧಾರೆಯೆರೆದೊಡನೆ ಆ ಮೈ ಬೆಳೆಯತೊಡಗುತ್ತದೆ. ಆಗ ಕೌಪೀನ ಹರಿಯಿತೇ, ಕೃಷ್ಣಾಜಿನ ಜಾರಿತೇ ಎಂಬ ಮಾತನ್ನು ಪುರಾಣಕಾರ ಎತ್ತುವುದೇ ಇಲ್ಲ. ಬದಲಿಗೆ ಬಲಿ ಆ ವಿಶ್ವರೂಪದಲ್ಲಿ ಏನೇನನ್ನು ಕಂಡನೆಂದು ಪಟ್ಟಿ ಕೊಡುತ್ತಾನೆ. ಪಾದದಲ್ಲಿ ಭೂಮಿ ಕಂಡಿತು, ಉಡುಗೆಯಲ್ಲಿ ಸಂಧ್ಯೆ ಕಂಡಿತು. ಜಗತ್ತನ್ನೇ ವ್ಯಾಪಿಸಿದ ಮೈಗೆ ಸಾಕಾಗುವಷ್ಟು ದೊಡ್ಡ ಬಟ್ಟೆ ಎಲ್ಲಿಂದ ತರುವುದು? ಸಂಜೆಯ ಆಕಾಶವೊಂದೇ ಆ ಅಳತೆಗೆ ಒದಗೀತು. ಮುಂದೆ ಅದೇ ರೂಪದ ಮೇಲೆ ಕಿರೀಟ, ತೋಳಬಂದಿ, ಮಕರ ಕುಂಡಲ, ವನಮಾಲೆಗಳು ಹೊಳೆಯುತ್ತವೆ. ಹರಿದು ಹೋದದ್ದು ಯಾವುದೂ ಇಲ್ಲ. ಎರವಲು ವೇಷ ಕಳಚಿ ನಿಜವಾದ ಉಡುಗೆ ಕಾಣಿಸಿತು ಎನ್ನುವುದು ಇದರ ಭಾವ.

ಇದನ್ನು ಮಾತಿನಲ್ಲಿ ಹೇಳುವುದು ಸುಲಭ, ಕಲ್ಲಿನಲ್ಲಿ ಕಡೆಯುವುದು ಕಷ್ಟ. ಶಿಲ್ಪದಲ್ಲಿ ‘ಮೊದಲು’, ‘ಆಮೇಲೆ’ ಎಂಬುದಿಲ್ಲ. ಬಾದಾಮಿಯ ಗುಹೆಗಳ ಶಿಲ್ಪಿಗಳು ಇದಕ್ಕೊಂದು ಉಪಾಯ ಕಂಡುಕೊಂಡರು. ಮೂರನೆಯ ಗುಹೆಯಲ್ಲಿ ಮಂಗಳೇಶನ ಶಾಸನವಿದ್ದು, ಅದರ ಕಾಲ ಶಕ 500, ಅಂದರೆ ಕ್ರಿ.ಶ. 578. ಅಲ್ಲಿಯೂ ಎರಡನೆಯ ಗುಹೆಯಲ್ಲಿಯೂ ಕಾಲೆತ್ತಿ ನಿಂತ ತ್ರಿವಿಕ್ರಮನ ಭವ್ಯ ಶಿಲ್ಪಗಳಿವೆ. ಎರಡನೆಯ ಗುಹೆಯ ಶಿಲ್ಪದಲ್ಲಿ ಕಿರೀಟಧಾರಿಯಾದ ಆ ಬೃಹತ್ ಮೂರ್ತಿಯ ಕೆಳಗೆ ಕೊಡೆಯೊಡನೆ ಕುಳ್ಳ ವಟುವೊಬ್ಬ ನಿಂತಿದ್ದಾನೆ. ಇಬ್ಬರೂ ಒಬ್ಬನೇ ಎಂಬುದನ್ನು ನೋಡುವವರು ಮನಸ್ಸಿನಲ್ಲಿ ಜೋಡಿಸಿಕೊಳ್ಳಬೇಕು. ಆ ಕೊಡೆಯ ಹುಡುಗ ಇಲ್ಲದಿದ್ದರೆ ತ್ರಿವಿಕ್ರಮ ದೊಡ್ಡದಾಗಿ ಕಡೆದ ಇನ್ನೊಂದು ವಿಷ್ಣುಮೂರ್ತಿಯಾಗಿ ಕಾಣುತ್ತಿದ್ದನೇ ಹೊರತು, ಬೆಳೆದವನಾಗಿ ಕಾಣುತ್ತಿರಲಿಲ್ಲ.

ಕೈಗವಸು ಹೇಳಿದ ಲೆಕ್ಕ

ಬೆಳೆದದ್ದು ತಿಳಿಯಬೇಕಾದರೆ ಬೆಳೆಯದ ವಸ್ತುವೊಂದು ಪಕ್ಕದಲ್ಲಿ ಇರಬೇಕು. ಈ ಸೂತ್ರವನ್ನು ಚೆನ್ನಾಗಿ ಬಲ್ಲ ಇನ್ನೊಬ್ಬನೆಂದರೆ ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ಗಣಿತ ಕಲಿಸುತ್ತಿದ್ದ ಚಾರ್ಲ್ಸ್ ಡಾಡ್ಜ್‌ಸನ್. ಲೂಯಿಸ್ ಕ್ಯಾರಲ್ ಎಂಬ ಹೆಸರಿನಲ್ಲಿ ಅವನು ಬರೆದ ಆಲಿಸಳ ಕತೆ 1865ರಲ್ಲಿ ಜಾನ್ ಟೆನಿಯಲ್‌ನ ಚಿತ್ರಗಳೊಡನೆ ಪ್ರಕಟವಾಯಿತು. ಆಲಿಸ್ ಒಮ್ಮೆ ಒಂಬತ್ತು ಅಡಿಗೂ ಮೀರಿ ಬೆಳೆಯುತ್ತಾಳೆ, ಇನ್ನೊಮ್ಮೆ ಮೊಲದ ಮನೆಯನ್ನೇ ತುಂಬಿಕೊಳ್ಳುತ್ತಾಳೆ. ಆಗೆಲ್ಲ ಅವಳ ಅಂಗಿಯೂ ಅವಳೊಡನೆ ಹಿಗ್ಗುತ್ತದೆ. ಹೇಗೆ ಎಂದು ಲೇಖಕ ವಿವರಿಸುವುದಿಲ್ಲ. ಕನಸಿನಲ್ಲಿ ಯಾರೂ ಅದನ್ನು ಕೇಳುವುದಿಲ್ಲ. ಅಲ್ಲದೆ ವಿಕ್ಟೋರಿಯಾ ರಾಣಿಯ ಕಾಲದ ಮಕ್ಕಳ ಪುಸ್ತಕದಲ್ಲಿ ಪುಟ್ಟ ಹುಡುಗಿಯ ಬಟ್ಟೆ ಹರಿಯುವ ಮಾತು ಬರುವಂತೆಯೂ ಇರಲಿಲ್ಲ.

ಆದರೂ ಗಣಿತದ ಮೇಷ್ಟರಿಗೆ ಅಳತೆ ಬೇಕೇ ಬೇಕು. ಆದ್ದರಿಂದ ತೊಡುಗೆಗಳಿಗೆ ಬೇರೆ ಕೆಲಸ ಕೊಟ್ಟಿದ್ದಾನೆ. ತನ್ನ ಪಾದಗಳು ಇಷ್ಟು ದೂರ ಹೋದರೆ ಅವುಗಳಿಗೆ ಬೂಟು, ಕಾಲುಚೀಲ ಹಾಕುವವರಾರು ಎಂದು ಆಲಿಸ್ ಚಿಂತಿಸುತ್ತಾಳೆ. ಮುಂದೆ ಅವಳು ಮತ್ತೆ ಕುಗ್ಗುವಾಗ, ಮೊಲ ಬೀಳಿಸಿಕೊಂಡು ಹೋದ ಪುಟಾಣಿ ಬಿಳಿ ಕೈಗವಸನ್ನು ತಿಳಿಯದೆಯೇ ತೊಟ್ಟುಕೊಂಡಿರುತ್ತಾಳೆ. ಅದು ತನ್ನ ಕೈಗೆ ಹಿಡಿಸಿದ್ದನ್ನು ಕಂಡಾಗಲೇ ತಾನು ಚಿಕ್ಕವಳಾಗುತ್ತಿದ್ದೇನೆಂದು ಅವಳಿಗೆ ಗೊತ್ತಾಗುವುದು. ಅವಳ ಸ್ವಂತ ಅಂಗಿ ಅವಳೊಡನೆ ಹಿಗ್ಗಿ ಕುಗ್ಗುವುದರಿಂದ ಅದು ಸಾಕ್ಷಿ ಹೇಳಲಾರದು. ಸಾಕ್ಷಿ ಹೇಳಲು ಬೇರೆಯವರ ಕೈಗವಸೇ ಬೇಕಾಯಿತು.

ಹರಿದ ಅಂಗಿ, ಹರಿಯದ ಚಡ್ಡಿ

ಬಟ್ಟೆ ಮತ್ತು ಮೈ ಹೊಂದದೆ ಹೋದಾಗ ಹುಟ್ಟುವ ಭಯವನ್ನು ಮೊದಲು ಸಮರ್ಥವಾಗಿ ಬಳಸಿಕೊಂಡವರಲ್ಲಿ ರಾಬರ್ಟ್ ಲೂಯಿ ಸ್ಟೀವನ್‌ಸನ್ ಒಬ್ಬ. 1886ರಲ್ಲಿ ಬಂದ ಅವನ ಜೆಕಿಲ್ ಮತ್ತು ಹೈಡ್ ಕತೆಯಲ್ಲಿ ನಡೆಯುವುದು ತದ್ವಿರುದ್ಧ. ಡಾ. ಜೆಕಿಲ್ ಮದ್ದು ಕುಡಿದು ಕುಳ್ಳನಾದ ಹೈಡ್ ಆಗುತ್ತಾನೆ. ಒಳ್ಳೆಯ ಬಟ್ಟೆಯ ಸೂಟು ಅವನಿಗೆ ತೀರ ದೊಗಲೆ, ಷರಾಯಿ ನೆಲಕ್ಕೆ ತಾಗದಂತೆ ಮಡಿಸಿಕೊಂಡಿದ್ದಾನೆ. ಅದನ್ನು ಕಂಡ ಇನ್ನೊಬ್ಬ ವೈದ್ಯನಿಗೆ ನಗುವಿನ ಬದಲು ದಿಗಿಲಾಗುತ್ತದೆ.

ಇದೇ ಕತೆಯ ಪ್ರಭಾವದಿಂದ ಅಮೆರಿಕದಲ್ಲಿ 1962ರಲ್ಲಿ ಹುಟ್ಟಿದವನು ‘ಹಲ್ಕ್’. ಸ್ಟ್ಯಾನ್ ಲೀ ಮತ್ತು ಜ್ಯಾಕ್ ಕರ್ಬಿ ಸೃಷ್ಟಿಸಿದ ಈ ಚಿತ್ರಕತೆಯಲ್ಲಿ ವಿಜ್ಞಾನಿ ಬ್ರೂಸ್ ಬ್ಯಾನರ್ ಗ್ಯಾಮಾ ಕಿರಣಗಳಿಗೆ ಸಿಕ್ಕಿ ದೈತ್ಯನಾಗುತ್ತಾನೆ. ಮೊದಲ ಸಂಚಿಕೆಯಲ್ಲಿ ಅವನ ಮೈ ಬೂದು ಬಣ್ಣದ್ದು. ಆ ಬಣ್ಣ ಮುದ್ರಣದಲ್ಲಿ ಒಂದೇ ಸಮನಾಗಿ ಬರಲಿಲ್ಲವೆಂದು ಎರಡನೆಯ ಸಂಚಿಕೆಯಿಂದ ಹಸಿರಾಯಿತು. ಆ ಹಸಿರು ಮೈಗೆ ಅಂಚು ಚಿಂದಿಯಾದ ನೇರಳೆ ಚಡ್ಡಿ ಗುರುತಾಗಿ ನಿಂತಿತು.

ಅಂಗಿ ಚೂರುಚೂರಾಗುವಾಗ ಚಡ್ಡಿ ಮಾತ್ರ ಹೇಗೆ ಉಳಿಯುತ್ತದೆ ಎಂಬುದು ಈ ಕತೆಯಷ್ಟೇ ಹಳೆಯ ತಮಾಷೆ. ಉತ್ತರ ವಿಜ್ಞಾನದಲ್ಲಿಲ್ಲ, ನಿಯಮಾವಳಿಯಲ್ಲಿದೆ. ಅಮೆರಿಕದ ಚಿತ್ರಕತೆ ಪ್ರಕಾಶಕರು 1954ರಲ್ಲಿ ತಮಗೆ ತಾವೇ ವಿಧಿಸಿಕೊಂಡ ಸಂಹಿತೆ ಯಾವುದೇ ರೂಪದ ನಗ್ನತೆಯನ್ನೂ ನಿಷೇಧಿಸಿತ್ತು. ಮುಂದೆ ಈ ತಮಾಷೆಯನ್ನು ಕತೆಗಾರರೇ ಬಳಸಿಕೊಂಡರು. 2008ರ ಹಲ್ಕ್ ಸಿನಿಮಾದಲ್ಲಿ ಬ್ಯಾನರ್ ಅಂಗಡಿಯಲ್ಲಿ ಚೆನ್ನಾಗಿ ಹಿಗ್ಗುವ ಷರಾಯಿಗಾಗಿ ಹುಡುಕುತ್ತಾನೆ. ಗೆಳತಿ ದೊಡ್ಡದೊಂದು ನೇರಳೆ ಷರಾಯಿ ಕೊಂಡು ತಂದರೆ ಅದನ್ನು ಒಲ್ಲೆನೆನ್ನುತ್ತಾನೆ.

1977ರಲ್ಲಿ ಆರಂಭವಾಗಿ 1982ರವರೆಗೆ ನಡೆದ ದೂರದರ್ಶನ ಸರಣಿಯಲ್ಲಿ ವಿಜ್ಞಾನಿಯ ಪಾತ್ರ ಬಿಲ್ ಬಿಕ್ಸ್‌ಬಿಯದು, ದೈತ್ಯನ ಪಾತ್ರ ದೇಹದಾರ್ಢ್ಯ ಪಟು ಲೂ ಫೆರಿಗ್ನೊನದು. ನಟರು ಇಬ್ಬರಾದ್ದರಿಂದ ಅವರು ಒಬ್ಬನೇ ಎಂದು ನಂಬಿಸುವ ಹೊಣೆ ಬಹುಪಾಲು ಅಂಗಿಯ ಮೇಲೆ ಬಿತ್ತು. ಕಣ್ಣಿನ ಬಣ್ಣ ಬದಲಾಗುತ್ತದೆ, ಬೆನ್ನಿನ ಮೇಲೆ ಅಂಗಿ ಬಿರಿಯುತ್ತದೆ, ತೋಳಿನ ಹೊಲಿಗೆ ಬಿಡುತ್ತದೆ, ಬೂಟು ಸೀಳುತ್ತದೆ. ನೋಡುಗ ಈ ಚೂರುಗಳನ್ನು ಜೋಡಿಸಿ ಬೆಳವಣಿಗೆಯನ್ನು ತಾನೇ ಕಲ್ಪಿಸಿಕೊಳ್ಳುತ್ತಾನೆ.

ಇಂಥ ದೃಶ್ಯಕ್ಕೆ ಬಟ್ಟೆ ಆರಿಸುವುದು ಬಲ್ಲವರ ಕೆಲಸ. ನೇಯ್ದ ಹತ್ತಿ ಬಟ್ಟೆ ನೂಲಿನ ಎಳೆ ಹಿಡಿದು ಪರ್ರೆಂದು ಹರಿಯುತ್ತದೆ. ಹೆಣೆದ ಬನಿಯನ್ ಬಟ್ಟೆ ಹರಿಯುವ ಮೊದಲು ಬಹಳ ಹೊತ್ತು ಹಿಗ್ಗುತ್ತದೆ. ಸಿಟ್ಟು ಸಿಡಿಯಬೇಕಾದರೆ ಮೊದಲನೆಯದು, ಮೆಲ್ಲಗೆ ಉಸಿರುಕಟ್ಟಬೇಕಾದರೆ ಎರಡನೆಯದು. ಹೊಲಿಗೆಯನ್ನು ಮೊದಲೇ ಬಿಚ್ಚಿ ಸಡಿಲವಾಗಿ ಟಾಕು ಹಾಕಿರುತ್ತಾರೆ. ಒಂದೇ ಬಗೆಯ ಹಲವು ಅಂಗಿಗಳನ್ನು ಸಿದ್ಧವಿಟ್ಟಿರುತ್ತಾರೆ, ಏಕೆಂದರೆ ಹರಿದದ್ದನ್ನು ಮರಳಿ ಚಿತ್ರಿಸಲಾಗದು. ಹೀಗೆ ಹರಿಯುವ ಅಂಗಿಯೂ ಪಾತ್ರಕ್ಕೆ ಒಪ್ಪಬೇಕು. ಗುಂಡಿ ಪೂರ್ತಿ ಹಾಕಿಕೊಂಡ ಅಚ್ಚುಕಟ್ಟಾದ ಅಂಗಿ ಹರಿದರೆ ಒಬ್ಬ ಸಭ್ಯನ ಸಂಯಮವೇ ಹರಿದಂತೆ. ಮೊದಲೇ ಮಾಸಿದ ದೊಗಲೆ ಅಂಗಿಗೆ ಆ ಶಕ್ತಿ ಇಲ್ಲ.

ಮಾನದ ಪ್ರಶ್ನೆ

ಬಟ್ಟೆ ಎಂದ ಮೇಲೆ ಮಾನದ ಪ್ರಶ್ನೆಯೂ ಬಂತು. 1958ರಲ್ಲಿ ಅಮೆರಿಕದಲ್ಲಿ ಐವತ್ತು ಅಡಿ ಎತ್ತರಕ್ಕೆ ಬೆಳೆಯುವ ಹೆಂಗಸಿನ ಸಿನಿಮಾವೊಂದು ಬಂತು. ಗಂಡನಿಂದ ಮೋಸಹೋದ ಅವಳು ಮನೆಯ ಛಾವಣಿ ಒಡೆದು ಹೊರಬರುವಾಗ ಅವಳ ಮೈಮೇಲೆ ಇರುವುದು ಹಾಸಿಗೆ ಬಟ್ಟೆಯಿಂದಾದ ಎರಡು ತುಂಡು. ಅವಳ ನೋವಿನ ಕತೆಗಿಂತ ಆ ಎರಡು ತುಂಡುಗಳೇ ಜಾಹೀರಾತಿಗೆ ಹೆಚ್ಚು ಒದಗಿದವು. ಇದಕ್ಕೆ ವಿರುದ್ಧವಾದ ಮಾದರಿ 2004ರ ‘ದಿ ಇನ್‌ಕ್ರೆಡಿಬಲ್ಸ್’ ಎಂಬ ಕಂಪ್ಯೂಟರ್ ಚಿತ್ರದಲ್ಲಿದೆ. ಮೈಯನ್ನು ಬೇಕಾದಷ್ಟು ಹಿಗ್ಗಿಸಬಲ್ಲ ತಾಯಿಗೆ, ಅವಳು ಎಷ್ಟು ಹಿಗ್ಗಿದರೂ ಆಕಾರ ಕೆಡದ ಉಡುಪನ್ನು ಎಡ್ನಾ ಎಂಬ ವಸ್ತ್ರ ವಿನ್ಯಾಸಕಿ ಹೊಲಿದುಕೊಡುತ್ತಾಳೆ. ಯಾರೋ ಒಬ್ಬರು ಅವಳ ಮೈ ಬೆಳೆಯುವುದನ್ನು ಮೊದಲೇ ಯೋಚಿಸಿದ್ದಾರೆ ಎಂಬುದೇ ಅಲ್ಲಿನ ಸಮಾಧಾನ.

ಹಲ್ಕ್‌ನ ಹರಿದ ಅಂಗಿ ಹದಿಹರೆಯದವರ ಮನಸ್ಸಿಗೆ ನಾಟಿದ್ದರಲ್ಲಿ ಆಶ್ಚರ್ಯವಿಲ್ಲ. ಆ ವಯಸ್ಸಿನಲ್ಲಿ ಮೈ ಯಾರ ಅಪ್ಪಣೆಯನ್ನೂ ಕೇಳದೆ ಬೆಳೆಯುತ್ತದೆ. ಕಳೆದ ಯುಗಾದಿಯ ಷರಾಯಿ ಈ ದೀಪಾವಳಿಗೆ ಕಣಕಾಲಿನ ಮೇಲೆ ನಿಲ್ಲುತ್ತದೆ, ನಾಲ್ಕು ಜನರೆದುರು ನಿಲ್ಲಲು ನಾಚಿಕೆಯಾಗುತ್ತದೆ. ಆ ಮುಜುಗರವನ್ನೇ ಕತೆ ನೂರುಪಟ್ಟು ಹಿಗ್ಗಿಸಿ ತೋರಿಸುತ್ತದೆ. ಸರಣಿಯ ಬ್ಯಾನರ್‌ನಿಗೂ ದೈತ್ಯನಾಗಿದ್ದಾಗ ಇಲ್ಲದ ನಾಚಿಕೆ, ಆಮೇಲೆ ಚಿಂದಿಯುಟ್ಟು ಎಚ್ಚರಗೊಂಡಾಗ ಕಾಡುತ್ತದೆ.

ನಮ್ಮ ಮನೆಗಳ ತಾಯಂದಿರು ಈ ಸಮಸ್ಯೆಗೆ ಎಂದೋ ಪರಿಹಾರ ಕಂಡುಕೊಂಡಿದ್ದರು. ‘ಬೆಳೆಯೋ ಮಗು, ಒಳಗೆ ನಾಲ್ಕು ಬೆರಳು ಬಟ್ಟೆ ಬಿಟ್ಟು ಹೊಲಿಯಪ್ಪಾ’ ಎಂದು ದರ್ಜಿಗೆ ಹೇಳುತ್ತಿದ್ದರು. ಲಂಗದ ಆ ಮಡಿಕೆಯನ್ನು ವರ್ಷಕ್ಕೊಮ್ಮೆ ಬಿಚ್ಚಿದಾಗ ಒಳಗಿನಿಂದ ಬಣ್ಣ ಮಾಸದ ಪಟ್ಟಿಯೊಂದು ಹೊರಬರುತ್ತಿತ್ತು. ಮಗು ಆ ವರ್ಷ ಎಷ್ಟು ಬೆಳೆಯಿತೆಂದು ಆ ಪಟ್ಟಿಯ ಅಗಲವೇ ಹೇಳುತ್ತಿತ್ತು.