ಬಾಗಲಕೋಟೆಯ ಬಂಡೆ ಏನು ಹೇಳುತ್ತದೆ?



ತಾಂಬರಂ ಕಡೆಗೆ ಲೋಕಲ್ ರೈಲಿನಲ್ಲಿ ಓಡಾಡುವ ನಿಮಗೆ ಪಲ್ಲಾವರಂ ನಿಲ್ದಾಣ ಪರಿಚಿತವೇ. 1863ರ ಮೇ 30ರಂದು ಆ ಊರಿನ ಗುಂಡಿಯೊಂದರಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಅವರಿಗೆ ಶಿಲಾಯುಗದ ಕಲ್ಲಿನ ಆಯುಧ ಸಿಕ್ಕಿತು. ಇದೇ ಫೂಟ್ ಮುಂದೆ ನಮ್ಮ ಉತ್ತರ ಕರ್ನಾಟಕವನ್ನು ಸುತ್ತಿ, ಅಲ್ಲಿನ ಬಂಡೆಗಳ ವಿವರವನ್ನು 1876ರಲ್ಲಿ ಪ್ರಕಟಿಸಿದರು. ಬಾಗಲಕೋಟೆ, ಬಾದಾಮಿ ಭಾಗದ ಪದರ ಶಿಲೆಗಳನ್ನು ಇಂದಿಗೂ ಕಲಾದಗಿ ಊರಿನ ಹೆಸರಿನಿಂದಲೇ ಕರೆಯುತ್ತಾರೆ.

ಪದರ ಶಿಲೆ ಎಂದರೇನು? ನೀರು ತಂದು ಹಾಕಿದ ಮರಳು, ಕೆಸರು, ಸುಣ್ಣ ಒಂದರ ಮೇಲೊಂದು ಕೂತು, ಒತ್ತಡಕ್ಕೆ ಗಟ್ಟಿಯಾಗಿ ಕಲ್ಲಾದದ್ದು. ಸಾಮಾನ್ಯವಾಗಿ ಕೆಳಗಿನ ಪದರ ಹಳೆಯದು, ಮೇಲಿನದು ಹೊಸದು. ಅದಕ್ಕೇ ಭೂವಿಜ್ಞಾನಿ ಬಂಡೆಯ ಮುಂದೆ ನಿಂತೊಡನೆ ಸುತ್ತಿಗೆ ಎತ್ತುವುದಿಲ್ಲ. ಮೊದಲು ದಿಕ್ಸೂಚಿ ಇಟ್ಟು ಪದರ ಯಾವ ಕಡೆಗೆ, ಎಷ್ಟು ಓರೆಯಾಗಿದೆ ಎಂದು ಅಳೆಯುತ್ತಾನೆ. ದಪ್ಪ, ಬಣ್ಣ, ಕಣದ ಗಾತ್ರ ಬರೆದುಕೊಳ್ಳುತ್ತಾನೆ. ಒಂದು ಹನಿ ಆಮ್ಲ ಬಿಡುತ್ತಾನೆ. ಬುಸ್ಸೆಂದು ನೊರೆ ಬಂದರೆ ಸುಣ್ಣಕಲ್ಲು.

ಹೀಗೆ ಅಳೆದಾಗ ಏನು ಕಂಡಿತು? ಬಾಗಲಕೋಟೆಯ ಸುತ್ತಿನ ಹಳೆಯ ಪದರಗಳು ಬಾಗಿ ಮಡಿಚಿಕೊಂಡಿವೆ. ಅವುಗಳ ಮೇಲೆ ಕೂತ ಬಾದಾಮಿಯ ಮರಳುಗಲ್ಲು ಹೆಚ್ಚುಕಡಿಮೆ ಮಟ್ಟಸವಾಗಿದೆ. ಅಂದರೆ ಮೊದಲ ಪದರಗಳು ಮಡಿಚಿ, ಸವೆದ ಎಷ್ಟೋ ಕಾಲದ ಮೇಲೆ ಎರಡನೆಯವು ಬಂದು ಕೂತವು. ಚಾಲುಕ್ಯರು ಗುಹಾದೇವಾಲಯ ಕಡೆದದ್ದು ಈ ಎರಡನೆಯ ಕಲ್ಲಿನಲ್ಲಿ.

ಪಳೆಯುಳಿಕೆಗಳ ಮಾತಿಗೆ ಬರೋಣ. ಬಾಗಲಕೋಟೆಯ ಸುಣ್ಣಕಲ್ಲಿಗೆ ನೂರು ಕೋಟಿ ವರ್ಷಕ್ಕೂ ಹೆಚ್ಚು ವಯಸ್ಸು. ಆಗ ಮೂಳೆ, ಚಿಪ್ಪು ಇರುವ ಪ್ರಾಣಿಗಳೇ ಇರಲಿಲ್ಲ. ಅಲ್ಲಿರುವುದು ಸ್ಟ್ರೊಮ್ಯಾಟೊಲೈಟ್. ಆಳವಿಲ್ಲದ ನೀರಿನಲ್ಲಿ ಪಾಚಿಯಂಥ ಸೂಕ್ಷ್ಮಜೀವಿಗಳು ಸುಣ್ಣದ ಕೆಸರನ್ನು ಪದರಪದರವಾಗಿ ಹಿಡಿದು ಕಟ್ಟಿದ ಗುಬುಟು ಅದು. ನೋಡಲು ಅಡ್ಡ ಕೊಯ್ದ ಎಲೆಕೋಸಿನಂತೆ. ಇದರ ಉಬ್ಬು ಸಾಮಾನ್ಯವಾಗಿ ಮೇಲ್ಮುಖ. ಹಾಗಾಗಿ ಮಡಿಚಿದ ಬಂಡೆಯಲ್ಲಿ ಪದರ ತಲೆಕೆಳಗಾಗಿದೆಯೇ ಎಂದು ತಿಳಿಸುವ ಗುರುತೂ ಇದೇ.

ಇನ್ನೊಂದು ಉದಾಹರಣೆ. ಗೋಕಾಕದ ಬಳಿ ಫೂಟ್ ಅವರಿಗೆ ಖಡ್ಗಮೃಗದ ಮೂಳೆಗಳು ಸಿಕ್ಕವು. 1874ರಲ್ಲಿ ಅದನ್ನು ಹೊಸ ಪ್ರಭೇದವೆಂದು ವರ್ಣಿಸಿ, ದಖನ್ನಿನ ಹೆಸರಿಟ್ಟರು. ಮೂಳೆ ಇದ್ದದ್ದು ಕಲಾದಗಿ ಕಲ್ಲಿನಲ್ಲಲ್ಲ, ಅದಕ್ಕಿಂತ ಎಷ್ಟೋ ಈಚಿನ ಹೊಳೆಯ ಮೆಕ್ಕಲಿನಲ್ಲಿ. ಯಾವ ಪದರ ಎಂಬುದನ್ನು ಬರೆದಿಡದಿದ್ದರೆ ಆ ಮೂಳೆಯ ಕಾಲವನ್ನು ಊಹಿಸುವುದೂ ಕಷ್ಟವಾಗುತ್ತಿತ್ತು.

ಮುಖ್ಯ ಮಾತು ಇದೇ. ಕಲ್ಲು ತನ್ನ ಜಾಗದಲ್ಲಿದ್ದರೆ ಮಾತ್ರ ಪೂರ್ತಿ ಕಥೆ ಹೇಳುತ್ತದೆ. ಸುಣ್ಣಕಲ್ಲು ಸಿಮೆಂಟಿಗೆ ಬೇಕು, ಹಾಸುಗಲ್ಲು ಮನೆಗೆ ಬೇಕು, ನಿಜ. ಆದರೆ ಅಳೆದು ಬರೆದಿಡುವ ಮೊದಲೇ ಒಡೆದುಹೋದ ಪದರವನ್ನು ಮತ್ತೆ ಜೋಡಿಸಲಾಗದು.

ಫೂಟ್ ಸಂಗ್ರಹಿಸಿದ ಶಿಲಾಯುಧಗಳನ್ನು 1904ರಲ್ಲಿ ಮದ್ರಾಸ್ ಸರ್ಕಾರ ಕೊಂಡಿತು. ಅವು ಎಗ್ಮೋರ್ ವಸ್ತುಸಂಗ್ರಹಾಲಯದ ಆಸ್ತಿ. ಅವುಗಳ ಪಟ್ಟಿಯಲ್ಲಿ ಸಿಕ್ಕಿದ ಊರಿನ ಹೆಸರೂ ಉಂಟು. ರಜೆಯಲ್ಲಿ ಬಾದಾಮಿಗೆ ಹೋದಾಗ ನೀವೂ ಗುಹೆಯ ಗೋಡೆಯಲ್ಲಿ ಪದರಗಳನ್ನು ಹುಡುಕಿ, ಮಕ್ಕಳಿಗೆ ತೋರಿಸಿ, ಫೋಟೋ ತೆಗೆಯಿರಿ. ಕಲ್ಲನ್ನು ಮಾತ್ರ ಅಲ್ಲೇ ಬಿಟ್ಟು ಬನ್ನಿ.